ಆರ್‌ವಿಗೆ ಗ್ಯಾಸ್ ಫ್ರಿಜ್ ಬೇಕೇ, ಕಂಪ್ರೆಸರ್ ಫ್ರಿಜ್ ಬೇಕೇ: ಆಯ್ಕೆಯ ಸಮಗ್ರ ಮಾರ್ಗದರ್ಶಿ

ಆರ್‌ವಿ, ಅಂದರೆ ಹಾಸಿಗೆ, ಅಡುಗೆಮನೆ ಇರುವ ಪ್ರವಾಸದ ಗಾಡಿ, ಕೊಳ್ಳಲು ಹೋದವರು ಹಾಸಿಗೆಯ ಮೇಲೆ ಕುಳಿತು ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಒಲೆ ಹಚ್ಚುತ್ತಾರೆ. ಫ್ರಿಜ್‌ನ ಬಾಗಿಲನ್ನು ಮಾತ್ರ ಒಮ್ಮೆ ತೆರೆದು, ಎಷ್ಟು ಹಿಡಿಸುತ್ತದೆ ಎಂದು ಕಣ್ಣಳತೆ ಮಾಡಿ ಮುಚ್ಚಿಬಿಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ನಾವು ಮೊದಲ ಟ್ರೇಲರ್ (ಬೇರೆ ವಾಹನದ ಹಿಂದೆ ಕಟ್ಟಿ ಎಳೆಯುವ ಆರ್‌ವಿ) ಕೊಂಡಾಗ ಮಾಡಿದ್ದೂ ಅಷ್ಟೇ. ಮೊದಲ ಪ್ರವಾಸದ ಎರಡನೆಯ ಬೆಳಿಗ್ಗೆ ದೋಸೆ ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳವನ್ನು ಎತ್ತಿತ್ತು, ಹಾಲು ಒಡೆದಿತ್ತು, ಮನೆಯಿಂದ ಹೆಪ್ಪುಗಟ್ಟಿಸಿ ತಂದಿದ್ದ ತೆಂಗಿನ ತುರಿ ನೀರು ಬಿಟ್ಟಿತ್ತು. ಫ್ರಿಜ್ ಕೆಟ್ಟಿರಲಿಲ್ಲ. ಅದು ಗ್ಯಾಸ್ ಉರಿಯಿಂದ ನಡೆಯುವ ಅಬ್ಸಾರ್ಪ್ಷನ್ ಬಗೆಯದು ಎಂಬುದಾಗಲಿ, ನಾವು ನಿಲ್ಲಿಸಿದ್ದ ಇಳಿಜಾರಿನಲ್ಲಿ ಅದು ಸರಿಯಾಗಿ ಕೆಲಸ ಮಾಡಲಾರದು ಎಂಬುದಾಗಲಿ ನಮಗೆ ಗೊತ್ತಿರಲಿಲ್ಲ.

ಆರ್‌ವಿ ಫ್ರಿಜ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ: ಶಾಖದಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ಮತ್ತು 12 ವೋಲ್ಟ್ ವಿದ್ಯುತ್ತಿನಿಂದ ನಡೆಯುವ ಕಂಪ್ರೆಸರ್ ಫ್ರಿಜ್. ನನ್ನ ಅಭಿಪ್ರಾಯದಲ್ಲಿ ಈ ಆಯ್ಕೆಯನ್ನು ಫ್ರಿಜ್‌ನ ಮುಂದೆ ನಿಂತು ಮಾಡಬಾರದು. ರಾತ್ರಿ ಎಲ್ಲಿ ತಂಗುತ್ತೀರಿ, ಅಲ್ಲಿ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಂಡರೆ ಯಾವ ಫ್ರಿಜ್ ಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ಈ ಬರಹದ ಹಂತಗಳು ಆ ಕ್ರಮದಲ್ಲಿಯೇ ಇವೆ.

ಮೊದಲು ತಿಳಿಯಬೇಕಾದದ್ದು: ಎರಡೂ ತಂಪು ಮಾಡುವ ಬಗೆ

ಅಬ್ಸಾರ್ಪ್ಷನ್ ಫ್ರಿಜ್‌ನ ಹಿಂಬದಿಯಲ್ಲಿ ಉಕ್ಕಿನ ಕೊಳವೆಗಳ ಒಂದು ಮುಚ್ಚಿದ ಜಾಲವಿದೆ. ಅದರೊಳಗೆ ಅಮೋನಿಯ, ನೀರು ಮತ್ತು ಹೈಡ್ರೋಜನ್ ಇರುತ್ತವೆ. ಕೆಳಗಿನ ಬಾಯ್ಲರ್‌ಗೆ ಗ್ಯಾಸ್ ಉರಿಯಿಂದಲೋ ವಿದ್ಯುತ್ ಕಾಯಿಲ್‌ನಿಂದಲೋ ಶಾಖ ಕೊಟ್ಟಾಗ ಅಮೋನಿಯ ನೀರಿನಿಂದ ಬೇರ್ಪಟ್ಟು ಆವಿಯಾಗಿ ಮೇಲೇರುತ್ತದೆ, ಮೇಲಿನ ರೆಕ್ಕೆಗಳಲ್ಲಿ ತಣಿದು ದ್ರವವಾಗುತ್ತದೆ. ಆ ದ್ರವ ಫ್ರಿಜ್‌ನ ಒಳಭಾಗಕ್ಕೆ ತಗುಲಿದ ಕೊಳವೆಗೆ ಇಳಿದಾಗ ಅಲ್ಲಿ ಹೈಡ್ರೋಜನ್ ಕಾದಿರುತ್ತದೆ. ಒಟ್ಟು ಒತ್ತಡದಲ್ಲಿ ಹೈಡ್ರೋಜನ್ ತನ್ನ ಪಾಲು ಪಡೆಯುವುದರಿಂದ ಅಮೋನಿಯದ ಪಾಲಿನ ಒತ್ತಡ ಇಳಿದು, ಅದು ಬಹಳ ಕಡಿಮೆ ಉಷ್ಣತೆಯಲ್ಲಿಯೇ ಆವಿಯಾಗುತ್ತದೆ. ಹಾಗೆ ಆವಿಯಾಗಲು ಬೇಕಾದ ಶಾಖವನ್ನು ನಿಮ್ಮ ಹಾಲು ಮೊಸರಿನಿಂದ ಎಳೆದುಕೊಳ್ಳುತ್ತದೆ. ಕೊನೆಗೆ ನೀರು ಆ ಅಮೋನಿಯವನ್ನು ಮತ್ತೆ ಹೀರಿಕೊಂಡು ಬಾಯ್ಲರ್‌ಗೆ ಮರಳುತ್ತದೆ. ಪಂಪಿಲ್ಲ, ಮೋಟಾರಿಲ್ಲ, ಸದ್ದಿಲ್ಲ. ಸ್ಟಾಕ್‌ಹೋಮ್‌ನ ತಾಂತ್ರಿಕ ವಿದ್ಯಾಸಂಸ್ಥೆಯ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫೋನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, 1922ರಲ್ಲಿ ರೂಪಿಸಿದ ಈ ಏರ್ಪಾಡು ನೂರು ವರ್ಷಗಳ ಬಳಿಕವೂ ಹೆಚ್ಚು ಬದಲಾಗದೆ ಉಳಿದಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ. ಇಲ್ಲಿ ದ್ರವ ಹರಿಯುವುದು ಬರಿಯ ಗುರುತ್ವದಿಂದ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಹೇಳಲಿರುವ ತೊಡಕುಗಳಲ್ಲಿ ಅರ್ಧದಷ್ಟು ಹುಟ್ಟುವುದು ಅದರಿಂದಲೇ.

ಕಂಪ್ರೆಸರ್ ಫ್ರಿಜ್ ನಿಮ್ಮ ಮನೆಯ ಫ್ರಿಜ್‌ನಂತೆಯೇ. ಮೋಟಾರು ಅನಿಲವನ್ನು ಅದುಮುತ್ತದೆ, ಅದು ಹೊರಗೆ ತಣಿದು ದ್ರವವಾಗಿ ಒಳಗೆ ಹಿಗ್ಗಿ ತಂಪು ಮಾಡುತ್ತದೆ. ವ್ಯತ್ಯಾಸವೆಂದರೆ ಇದು ನೇರವಾಗಿ 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತದೆ, ಇನ್ವರ್ಟರ್ ಬೇಕಿಲ್ಲ. ತಾನು ತಿನ್ನುವ ವಿದ್ಯುತ್ತಿಗಿಂತ ಹೆಚ್ಚು ಶಾಖವನ್ನು ಇದು ಒಳಗಿನಿಂದ ಹೊರಗೆ ಸಾಗಿಸಬಲ್ಲದು. ಅಬ್ಸಾರ್ಪ್ಷನ್ ಫ್ರಿಜ್ ಕೊಟ್ಟ ಶಾಖದ ಸುಮಾರು ಕಾಲುಭಾಗದಷ್ಟನ್ನು ಮಾತ್ರ ತಂಪಾಗಿ ಹಿಂದಿರುಗಿಸುತ್ತದೆ. ಆದರೆ ಗ್ಯಾಸ್ ಸಿಲಿಂಡರಿನಲ್ಲಿ ಅಡಗಿರುವ ಶಕ್ತಿ ಬ್ಯಾಟರಿಯಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾದ್ದರಿಂದ ಆ ದುಂದು ವರ್ಷಾನುಗಟ್ಟಲೆ ಯಾರಿಗೂ ಭಾರವೆನಿಸಲಿಲ್ಲ. ಲಿಥಿಯಂ ಬ್ಯಾಟರಿ ಮತ್ತು ಸೋಲಾರ್ ಪ್ಯಾನೆಲ್‌ಗಳು ಕೈಗೆಟುಕುವ ಬೆಲೆಗೆ ಬಂದ ಮೇಲೆ ಲೆಕ್ಕ ಬದಲಾಗಿದೆ, ಹೊಸ ಟ್ರೇಲರ್‌ಗಳಲ್ಲಿ ಕಂಪ್ರೆಸರ್ ಫ್ರಿಜ್‌ಗಳೇ ಹೆಚ್ಚಾಗಿ ಕಾಣುತ್ತಿವೆ.

ಹಂತ 1: ತಂಗುವ ಜಾಗಗಳ ಪಟ್ಟಿ ಮಾಡಿ

ಮುಂದಿನ ಎರಡು ವರ್ಷಗಳಲ್ಲಿ ನಿಜವಾಗಿ ಹೋಗಬಹುದಾದ ಜಾಗಗಳನ್ನು ಬರೆದು, ಪ್ರತಿಯೊಂದರ ಎದುರು ನಾಲ್ಕು ಸಂಗತಿಗಳನ್ನು ನಮೂದಿಸಿ: ಹುಕ್‌ಅಪ್ ಅಂದರೆ 120 ವೋಲ್ಟ್ ಸಂಪರ್ಕ ಇದೆಯೇ, ಎಷ್ಟು ರಾತ್ರಿ ಇರುತ್ತೀರಿ, ಬಿಸಿಲು ಬೀಳುತ್ತದೆಯೇ, ಸಮುದ್ರಮಟ್ಟದಿಂದ ಎಷ್ಟು ಎತ್ತರ.

ಉದಾಹರಣೆಗೆ ಯೊಸೆಮಿಟಿ ಕಣಿವೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹುಕ್‌ಅಪ್ ಇಲ್ಲ. ಜನರೇಟರನ್ನು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಗಂಟೆಯೊಳಗೆ ಮಾತ್ರ ಓಡಿಸಬಹುದು. ಅಲ್ಲಿಯೇ ಮೇಲಿರುವ ಟುವಾಲಮೀ ಮೆಡೋಸ್ ಸುಮಾರು 8,600 ಅಡಿ ಎತ್ತರದಲ್ಲಿದೆ. ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡುಗಳಲ್ಲಿ ನಡುಹಗಲಿನಲ್ಲಿಯೂ ನೆಲಕ್ಕೆ ನೆರಳೇ ಇರುವುದರಿಂದ ಚಾವಣಿಯ ಸೋಲಾರ್ ಪ್ಯಾನೆಲ್ ಹೆಸರಿಗೆ ಮಾತ್ರ. ಅರಿಜೋನಾದ ಕ್ವಾರ್ಟ್‌ಸೈಟ್ ಸುತ್ತಲಿನ ಮರುಭೂಮಿಯಲ್ಲಿ ಚಳಿಗಾಲವಿಡೀ ಹುಕ್‌ಅಪ್ ಇಲ್ಲದೆ ವಾರಗಟ್ಟಲೆ ತಂಗುವವರಿಗೆ ಬಿಸಿಲಿಗೆ ಕೊರತೆಯಿಲ್ಲ. ಪ್ರತಿ ರಾತ್ರಿಯೂ ಹುಕ್‌ಅಪ್ ಇರುವ ಖಾಸಗಿ ಆರ್‌ವಿ ಪಾರ್ಕ್‌ಗಳಲ್ಲಿಯೇ ತಂಗುವ ಕುಟುಂಬಕ್ಕಾದರೆ ಎರಡು ಫ್ರಿಜ್‌ಗಳೂ ನಡೆಯುತ್ತವೆ. ಅಂಥವರು 2 ಮತ್ತು 3ನೆಯ ಹಂತಗಳನ್ನು ಬಿಟ್ಟು 4ಕ್ಕೆ ಹೋಗಬಹುದು.

ಹಂತ 2: ಕಂಪ್ರೆಸರ್ ಫ್ರಿಜ್‌ಗೆ ಬೇಕಾಗುವ ವಿದ್ಯುತ್ತಿನ ಲೆಕ್ಕ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಕಂಪ್ರೆಸರ್ ಫ್ರಿಜ್ ಕೊಂಡು ನಿರಾಶರಾದವರಲ್ಲಿ ಹೆಚ್ಚಿನವರು ಈ ಲೆಕ್ಕವನ್ನು ಮಾಡಿರುವುದಿಲ್ಲ ಎಂಬುದು ನನ್ನ ಅನುಭವ.

10 ಘನ ಅಡಿ ಗಾತ್ರದ 12 ವೋಲ್ಟ್ ಫ್ರಿಜ್‌ನ ಮೋಟಾರು ಓಡುವಾಗ ಸುಮಾರು 6 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಅದು ಸದಾ ಓಡುವುದಿಲ್ಲ. ಬೇಸಿಗೆಯ ಸಾಧಾರಣ ದಿನದಲ್ಲಿ ಅರ್ಧ ಹೊತ್ತು ಓಡಿದರೆ 12 ಗಂಟೆಗೆ 72 ಆಂಪಿಯರ್-ಗಂಟೆ, ಅಂದರೆ ಸುಮಾರು 900 ವಾಟ್-ಗಂಟೆ ಖರ್ಚಾಗುತ್ತದೆ. ದೀಪ, ನೀರಿನ ಪಂಪು, ಫ್ಯಾನು, ಫೋನುಗಳಿಗೆ 400 ವಾಟ್-ಗಂಟೆ ಸೇರಿಸಿದರೆ ದಿನಕ್ಕೆ 1,300 ವಾಟ್-ಗಂಟೆ ಆಯಿತು. ನೀವು ಕೊಳ್ಳಲಿರುವ ಮಾದರಿಯ ಆಂಪಿಯರ್ ಎಷ್ಟೆಂದು ಅದರ ಕೈಪಿಡಿಯಲ್ಲಿ ನೋಡಿ, ಈ ಲೆಕ್ಕವನ್ನು ಮತ್ತೆ ಮಾಡಿ.

ಈಗ ಬ್ಯಾಟರಿಯ ಕಡೆ ಬನ್ನಿ. 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದರಲ್ಲಿ ಸುಮಾರು 1,280 ವಾಟ್-ಗಂಟೆ ಇರುತ್ತದೆ, ಅದರ ಬಹುಪಾಲನ್ನು ಬಳಸಬಹುದು. ಅದೇ ಗಾತ್ರದ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುವುದರಿಂದ ನಿಮಗೆ ದಕ್ಕುವುದು 600 ವಾಟ್-ಗಂಟೆ ಮಾತ್ರ. ಹೊಸ ಟ್ರೇಲರಿನ ಜೊತೆಗೆ ಮಾರಾಟಗಾರರು ಸಾಮಾನ್ಯವಾಗಿ ಕೊಡುವ ಒಂದು ಲೆಡ್-ಆಸಿಡ್ ಬ್ಯಾಟರಿಯಿಂದ ಮೇಲಿನ ಖರ್ಚನ್ನು ತೂಗಿಸಲು ಹೊರಟರೆ ಅರ್ಧ ದಿನದೊಳಗೆ ಅದು ಬರಿದಾಗುತ್ತದೆ. ಬಿಸಿಲಿಲ್ಲದೆ ಎರಡು ರಾತ್ರಿ ತಳ್ಳಬೇಕಾದರೆ 100 ಆಂಪಿಯರ್-ಗಂಟೆಯ ಎರಡು ಲಿಥಿಯಂ ಬ್ಯಾಟರಿಗಳನ್ನು ಕನಿಷ್ಠವೆಂದು ನಾನು ಇಟ್ಟುಕೊಳ್ಳುತ್ತೇನೆ. ಒಂದು ಎಚ್ಚರಿಕೆ: ನೀರು ಹೆಪ್ಪುಗಟ್ಟುವ ಚಳಿಯಲ್ಲಿ, ಅಂದರೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚಳಿಗಾಲದ ಪ್ರವಾಸಿಗಳು ಅದನ್ನು ಬೆಚ್ಚಗಿನ ಒಳಭಾಗದಲ್ಲಿ ಇರಿಸಬೇಕು, ಇಲ್ಲವೇ ಒಳಗೆ ಹೀಟರ್ ಇರುವ ಬ್ಯಾಟರಿಯನ್ನೇ ಕೊಳ್ಳಬೇಕು.

ಖರ್ಚಾದದ್ದನ್ನು ತುಂಬಿಸುವ ದಾರಿಗಳು ಮೂರು. ಚಾವಣಿಯಲ್ಲಿ 400 ವಾಟ್ ಪ್ಯಾನೆಲ್ ಇದ್ದು, ದಿನಕ್ಕೆ 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕಿ, ಮಲಗಿಸಿಟ್ಟ ಪ್ಯಾನೆಲ್, ಧೂಳು, ಬಿಸಿ ಇವೆಲ್ಲ ಸೇರಿ ನೂರಕ್ಕೆ ಮೂವತ್ತರಷ್ಟು ನಷ್ಟವಾದರೂ 1,400 ವಾಟ್-ಗಂಟೆ ಬರುತ್ತದೆ. ನಮ್ಮ ಖರ್ಚು ಸರಿಹೋಯಿತು. ಎರಡನೆಯದು ಎಳೆಯುವ ವಾಹನದ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ವಿದ್ಯುತ್ತು ಹುಟ್ಟಿಸುವ ಯಂತ್ರ. ಟ್ರೇಲರಿನ ಏಳು ಪಿನ್ನಿನ ಪ್ಲಗ್ಗಿನ ಮೂಲಕ ಬರುವ ವಿದ್ಯುತ್ತು ತೆಳುವಾದ ಉದ್ದ ವೈರಿನಲ್ಲಿ ಸೊರಗಿ ಕೆಲವೇ ಆಂಪಿಯರ್ ಆಗಿ ತಲುಪುತ್ತದೆ. ಅದನ್ನು ನಂಬದೆ ದಪ್ಪ ವೈರಿನೊಂದಿಗೆ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ವಾಹನದ ವಿದ್ಯುತ್ತಿನಿಂದ ಟ್ರೇಲರಿನ ಬ್ಯಾಟರಿ ತುಂಬಿಸುವ ಸಾಧನ) ಹಾಕಿಸಿದರೆ ಮೂರು ಗಂಟೆಗಳ ಪ್ರಯಾಣದಲ್ಲಿ ಸುಮಾರು ಒಂದು ದಿನದ ಖರ್ಚು ಮರಳಿ ಬರುತ್ತದೆ. ದಿನವೂ ಊರು ಬದಲಿಸುವವರಿಗೆ ಸೋಲಾರ್‌ಗಿಂತ ಇದೇ ಹೆಚ್ಚು ಭರವಸೆಯದು. ಮೂರನೆಯದು ಜನರೇಟರ್, ಅದು ತುರ್ತಿನ ಆಸರೆಯಾಗಿ ಇರಲಿ, ದಿನನಿತ್ಯದ ಉಪಾಯವಾಗಿ ಬೇಡ.

ಹಂತ 3: ಗ್ಯಾಸ್ ಫ್ರಿಜ್‌ನ ಲೆಕ್ಕ

ಈ ಲೆಕ್ಕ ಸರಳ. ಮಧ್ಯಮ ಗಾತ್ರದ ಅಬ್ಸಾರ್ಪ್ಷನ್ ಫ್ರಿಜ್‌ನ ಬರ್ನರ್ ಗಂಟೆಗೆ ಸುಮಾರು 1,500 ಬಿಟಿಯು (ಶಾಖವನ್ನು ಅಳೆಯುವ ಮಾನ) ಶಾಖ ಕೊಡುತ್ತದೆ. ಬಿಡುವಿಲ್ಲದೆ ಉರಿದರೂ ದಿನಕ್ಕೆ ಮುಕ್ಕಾಲು ಕಿಲೋ ಪ್ರೊಪೇನ್ ಸಾಕು. 20 ಪೌಂಡ್ ಅಂದರೆ 9 ಕಿಲೋ ಸಿಲಿಂಡರ್ ಒಂದು ಹನ್ನೆರಡು ದಿನ ಬರುತ್ತದೆ. ಬಿಸಿಲಿರಲಿ ನೆರಳಿರಲಿ, ಮೋಡವಿರಲಿ ಮಳೆಯಿರಲಿ, ಇದರಲ್ಲಿ ವ್ಯತ್ಯಾಸವಿಲ್ಲ. ರೆಡ್‌ವುಡ್ ನೆರಳಿನಲ್ಲಿ ಒಂದು ವಾರ ಕದಲದೆ ಕುಳಿತುಕೊಳ್ಳುವವರಿಗೆ ಇದಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ.

ಆದರೆ ಗ್ಯಾಸ್ ಫ್ರಿಜ್‌ಗೆ ವಿದ್ಯುತ್ತೇ ಬೇಡ ಎಂಬ ತಿಳಿವಳಿಕೆ ತಪ್ಪು. ಅಮೆರಿಕದ ಆರ್‌ವಿಗಳಲ್ಲಿ ಸಾಮಾನ್ಯವಾಗಿರುವ ಎರಡು ಮೂಲದ ಫ್ರಿಜ್‌ಗಳಲ್ಲಿ, ಅಂದರೆ ಗ್ಯಾಸ್ ಮತ್ತು 120 ವೋಲ್ಟ್‌ನಿಂದ ನಡೆಯುವವುಗಳಲ್ಲಿ, ಕಿಡಿ ಹೊತ್ತಿಸಿ ಗ್ಯಾಸ್ ವಾಲ್ವನ್ನು ತೆರೆದಿಡುವ ಸರ್ಕ್ಯೂಟ್ ಬೋರ್ಡ್ 12 ವೋಲ್ಟ್‌ನಿಂದಲೇ ನಡೆಯುತ್ತದೆ. ಅದರ ಖರ್ಚು ಅಲ್ಪವಾದರೂ ಬ್ಯಾಟರಿ ಪೂರ್ತಿ ಬರಿದಾದರೆ ಸಿಲಿಂಡರ್ ತುಂಬಿದ್ದರೂ ಉರಿ ಆರುತ್ತದೆ. ಮೂರು ಮೂಲದ ಚಿಕ್ಕ ಫ್ರಿಜ್‌ಗಳಿಗೆ 12 ವೋಲ್ಟ್‌ನ ಶಾಖದ ಕಾಯಿಲ್ ಕೂಡ ಇರುತ್ತದೆ. ಅದು 10ರಿಂದ 20 ಆಂಪಿಯರ್ ಎಳೆಯುವುದರಿಂದ ಎಂಜಿನ್ ಓಡುವಾಗ ಮಾತ್ರ ಬಳಸಬೇಕು. ಗಾಡಿ ನಿಲ್ಲಿಸಿದ ಮೇಲೆ ಅದನ್ನು ಗ್ಯಾಸಿಗೆ ತಿರುಗಿಸಲು ಮರೆತರೆ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿಯಾಗಿರುತ್ತದೆ.

ಹಂತ 4: ಇಳಿಜಾರು, ಬಿಸಿಲು, ಎತ್ತರ

ಅಬ್ಸಾರ್ಪ್ಷನ್ ಫ್ರಿಜ್‌ನಲ್ಲಿ ದ್ರವ ಗುರುತ್ವದಿಂದ ಹರಿಯುತ್ತದೆ ಎಂದೆನಷ್ಟೆ. ಅನೇಕ ಮಾದರಿಗಳ ಕೈಪಿಡಿಗಳು ಫ್ರಿಜ್‌ನ ಎಡಬಲಕ್ಕೆ 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿಗಿಂತ ಹೆಚ್ಚು ವಾಲಬಾರದು ಎನ್ನುತ್ತವೆ. ಮೂರು ಡಿಗ್ರಿ ಎಂದರೆ ಒಂದು ಮೀಟರಿಗೆ ಸುಮಾರು 5 ಸೆಂಟಿಮೀಟರ್ ಏರಿಳಿತ. ಕಣ್ಣಿಗೆ ಸಪಾಟಾಗಿ ಕಾಣುವ ಎಷ್ಟೋ ಜಾಗಗಳಲ್ಲಿ ಅಷ್ಟಿರುತ್ತದೆ. ಫ್ರಿಜ್ ಸಾಮಾನ್ಯವಾಗಿ ಪಕ್ಕದ ಗೋಡೆಗೆ ಬೆನ್ನು ಹಾಕಿ ನಿಂತಿರುವುದರಿಂದ ಅದರ ಎಡಬಲವೆಂದರೆ ಗಾಡಿಯ ಉದ್ದದ ದಿಕ್ಕು ಎಂಬುದನ್ನೂ ಗಮನಿಸಿ. ಗಾರೆ ಕೆಲಸದವರು ಬಳಸುವ ಚಿಕ್ಕ ರಸಮಟ್ಟವೊಂದನ್ನು ಫ್ರೀಜರಿನ ತಳದಲ್ಲಿಟ್ಟು ನೋಡಿ, ಚಕ್ರದ ಕೆಳಗೆ ಹಲಗೆ ಕೊಡುವುದು ಐದು ನಿಮಿಷದ ಕೆಲಸ.

ವಾಲಿದಾಗ ಆಗುವ ಕೇಡು ಆ ದಿನದ ತಂಪಿಗೆ ಮಾತ್ರ ಸೀಮಿತವಲ್ಲ. ಬಾಯ್ಲರ್‌ಗೆ ದ್ರವ ಮರಳದೆ ಅದು ಒಣಗಿ ವಿಪರೀತ ಕಾಯುತ್ತದೆ. ಉಕ್ಕು ತುಕ್ಕು ಹಿಡಿಯದಂತೆ ದ್ರವದಲ್ಲಿ ಬೆರೆಸಿರುವ ಸೋಡಿಯಂ ಕ್ರೋಮೇಟ್ ಒಡೆದು ಗಟ್ಟಿಯಾಗಿ ಕೊಳವೆಯನ್ನು ಕಟ್ಟುತ್ತದೆ. ಈ ಹಾನಿ ಪ್ರತಿ ಸಲ ಸ್ವಲ್ಪ ಸ್ವಲ್ಪವಾಗಿ ಕೂಡುತ್ತ ಹೋಗುತ್ತದೆಯೇ ಹೊರತು ಹಿಂದಿರುಗುವುದಿಲ್ಲ. ಚಲಿಸುವಾಗ ದ್ರವ ಕುಲುಕಾಡುತ್ತಲೇ ಇರುವುದರಿಂದ ಘಾಟಿ ಹತ್ತುವಾಗ ಭಯವಿಲ್ಲ. ಘಾಟಿಯ ಮಧ್ಯೆ ಊಟಕ್ಕೆಂದು ಗಂಟೆಗಟ್ಟಲೆ ನಿಲ್ಲಿಸುವಾಗ ಫ್ರಿಜ್ ಆರಿಸಬೇಕು. ಕಂಪ್ರೆಸರ್ ಫ್ರಿಜ್‌ಗೆ ಈ ಚಿಂತೆಯಿಲ್ಲ.

ಬಿಸಿಲಿನಲ್ಲಿಯೂ ಕಂಪ್ರೆಸರ್ ಮುಂದು. ಡೆತ್ ವ್ಯಾಲಿಯ ಅಂಚಿನಲ್ಲಿ ಹೊರಗೆ 40 ಡಿಗ್ರಿ ಸೆಲ್ಸಿಯಸ್ ಇರುವಾಗ ಅಬ್ಸಾರ್ಪ್ಷನ್ ಫ್ರಿಜ್‌ನ ರೆಕ್ಕೆಗಳು ತಣಿಯಲಾರವು, ಒಳಗಿನ ಉಷ್ಣತೆ ಮಧ್ಯಾಹ್ನದ ಹೊತ್ತಿಗೆ ಏರತೊಡಗುತ್ತದೆ. ಸ್ಲೈಡ್‌ಔಟ್‌ನಲ್ಲಿ (ಗಾಡಿ ನಿಂತಾಗ ಹೊರಕ್ಕೆ ಸರಿಸುವ ಭಾಗದಲ್ಲಿ) ಕೂರಿಸಿದ, ಚಾವಣಿಯ ಕಿಂಡಿಯ ಬದಲು ಎರಡೂ ಕಿಂಡಿಗಳು ಪಕ್ಕದ ಗೋಡೆಯಲ್ಲಿರುವ ಫ್ರಿಜ್‌ಗಳಲ್ಲಿ ಬಿಸಿಗಾಳಿ ಮೇಲೇರಿ ಹೋಗದೆ ಈ ತೊಂದರೆ ಇನ್ನೂ ಹೆಚ್ಚು. ಹಿಂದಿನ ಕಿಂಡಿಯಲ್ಲಿ ಚಿಕ್ಕ ಫ್ಯಾನು ಹಾಕುವುದು, ಫ್ರಿಜ್ ಇರುವ ಬದಿಯನ್ನು ನೆರಳಿಗೆ ತಿರುಗಿಸಿ ನಿಲ್ಲಿಸುವುದು ಇವೆರಡರಿಂದ ಸಾಕಷ್ಟು ಪ್ರಯೋಜನವಿದೆ. ಎತ್ತರದ ಜಾಗಗಳಲ್ಲಿ ಗಾಳಿ ತೆಳುವಾಗಿ ಗ್ಯಾಸ್ ಉರಿ ಸೊರಗುತ್ತದೆ. 5,500 ಅಡಿ ದಾಟಿದ ಮೇಲೆ ಉರಿ ಆರಿಹೋಗಬಹುದು ಎಂದು ಎಚ್ಚರಿಸುವ ಕೈಪಿಡಿಗಳಿವೆ.

ಅಮೆರಿಕದ ಕೃಷಿ ಇಲಾಖೆ ಆಹಾರವನ್ನು 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡಬಾರದೆನ್ನುತ್ತದೆ. ನಮ್ಮ ಅಡುಗೆಗೆ ಇದು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ: 8 ಡಿಗ್ರಿಯಲ್ಲಿ ಸೌತೆಕಾಯಿ ಬಾಡುವುದಿಲ್ಲ, ಆದರೆ ದೋಸೆ ಹಿಟ್ಟು ಹುಳಿಯಾಗುತ್ತಲೇ ಹೋಗುತ್ತದೆ. ಬೆಚ್ಚಗಿನ ಸಾರಿನ ಪಾತ್ರೆ ಇಟ್ಟರೆ ಅಬ್ಸಾರ್ಪ್ಷನ್ ಫ್ರಿಜ್ ಚೇತರಿಸಿಕೊಳ್ಳಲು ಗಂಟೆಗಳೇ ಬೇಕು.

ಹಂತ 5: ಸುರಕ್ಷತೆಯನ್ನು ತೂಗಿ

ಅಬ್ಸಾರ್ಪ್ಷನ್ ಫ್ರಿಜ್‌ನಲ್ಲಿ ಉರಿ, ಅಮೋನಿಯ, ಹೈಡ್ರೋಜನ್ ಮೂರೂ ಇವೆ. ಬಾಯ್ಲರ್ ಕೊಳವೆ ಬಿರುಕುಬಿಟ್ಟು ಬೆಂಕಿ ಹೊತ್ತುವ ಅಪಾಯದ ಕಾರಣ 2006ರಲ್ಲಿ ಆರ್‌ವಿ ಫ್ರಿಜ್ ತಯಾರಿಸುವ ಡೊಮೆಟಿಕ್ ಸಂಸ್ಥೆ 9 ಲಕ್ಷಕ್ಕೂ ಹೆಚ್ಚು ಫ್ರಿಜ್‌ಗಳನ್ನು ಹಿಂದಕ್ಕೆ ಕರೆಯಿತು. ಹಳೆಯ ಆರ್‌ವಿ ಕೊಳ್ಳುವವರು ಫ್ರಿಜ್‌ನ ಮಾದರಿ ಮತ್ತು ಸರಣಿ ಸಂಖ್ಯೆಯನ್ನು ಬರೆದುಕೊಂಡು ಅದರ ಮೇಲೆ ಇಂಥ ಹಿಂಪಡೆತ ಇದೆಯೇ, ದುರಸ್ತಿ ಆಗಿದೆಯೇ ಎಂದು ವಿಚಾರಿಸಲೇಬೇಕು. ಪೆಟ್ರೋಲ್ ಪಂಪಿಗೆ ಹೋಗುವ ಮೊದಲು ಉರಿ ಆರಿಸಬೇಕು. ನೀರಿನಡಿಯ ಸುರಂಗಗಳಿರುವ ವರ್ಜೀನಿಯಾದ ಚೆಸಪೀಕ್ ಬೇ ಬ್ರಿಜ್-ಟನಲ್‌ನಂಥ ಕಡೆಗಳಲ್ಲಿ ಸಿಲಿಂಡರನ್ನೇ ಮುಚ್ಚಬೇಕು. ಮಕ್ಕಳೊಂದಿಗೆ ಹೋಗುವವರು ಗಾಡಿ ಚಲಿಸುವಾಗ ಗ್ಯಾಸ್ ಉರಿಯನ್ನು ಇಡಲೇಬಾರದೆಂಬುದು ನನ್ನ ಖಚಿತವಾದ ಸಲಹೆ: ಹಿಂದಿನ ರಾತ್ರಿಯೇ ತಣಿಸಿದ ಫ್ರಿಜ್ ಬಾಗಿಲು ತೆರೆಯದಿದ್ದರೆ ನಾಲ್ಕೈದು ಗಂಟೆ ತಂಪನ್ನು ಹಿಡಿದಿಡುತ್ತದೆ.

ಹಂತ 6: ತೀರ್ಮಾನ

ಹುಕ್‌ಅಪ್ ಇಲ್ಲದ ಕಡೆ ಒಂದೆರಡು ರಾತ್ರಿ ತಂಗಿ, ಹಗಲು ಗಾಡಿ ಓಡಿಸಿ, ಬೇಸಿಗೆಯಲ್ಲಿಯೇ ಹೆಚ್ಚಾಗಿ ತಿರುಗುವ ಕುಟುಂಬಕ್ಕೆ ಕಂಪ್ರೆಸರ್ ಫ್ರಿಜ್ ಸರಿ. ನಮ್ಮ ಜನರಲ್ಲಿ ಹೆಚ್ಚಿನವರು ಈ ಗುಂಪಿನವರು. ಬಿಸಿಲಿರುವ ಮರುಭೂಮಿಯಲ್ಲಿ ವಾರಗಟ್ಟಲೆ ಇರುವವರಿಗೂ ಸಾಕಷ್ಟು ಪ್ಯಾನೆಲ್ ಇದ್ದರೆ ಅದೇ ಒಳ್ಳೆಯದು. ಕಾಡಿನ ನೆರಳಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ಕದಲದೆ ಇರುವವರು, ಬ್ಯಾಟರಿ ಮತ್ತು ಸೋಲಾರ್‌ಗೆ ಈಗಲೇ ಹಣ ಹಾಕಲು ಸಿದ್ಧರಿಲ್ಲದವರು ಅಬ್ಸಾರ್ಪ್ಷನ್ ಫ್ರಿಜ್ ಇಟ್ಟುಕೊಳ್ಳಲಿ. ಈಗಾಗಲೇ ಗಾಡಿಯಲ್ಲಿ ಚೆನ್ನಾಗಿ ನಡೆಯುತ್ತಿರುವ ಅಬ್ಸಾರ್ಪ್ಷನ್ ಫ್ರಿಜ್ ಇದ್ದರೆ, ಅದನ್ನು ಕಿತ್ತು ಹಾಕಲು ಅವಸರ ಬೇಡ. ಬಾಡಿಗೆ ಆರ್‌ವಿಯಲ್ಲಿ ಆಯ್ಕೆ ನಿಮ್ಮ ಕೈಯಲ್ಲಿಲ್ಲ, ಆದರೆ ಯಾವ ಬಗೆ ಎಂದು ಕೇಳಿ, ಗಾಡಿ ಪಡೆಯುವ ಹಿಂದಿನ ದಿನವೇ ಫ್ರಿಜ್ ಚಾಲೂ ಮಾಡಿಡಲು ಹೇಳುವುದು ನಿಮ್ಮ ಕೈಯಲ್ಲಿದೆ.

ಹಂತ 7: ಹಳೆಯದನ್ನು ಪರೀಕ್ಷಿಸುವುದು, ಬದಲಿಸುವುದು

ಹಳೆಯ ಅಬ್ಸಾರ್ಪ್ಷನ್ ಫ್ರಿಜ್‌ನ ಹೊರಗಿನ ಕಿಂಡಿ ತೆಗೆದು ನೋಡಿ. ಕೊಳವೆಗಳ ಮೇಲೆ ಹಳದಿ ಪುಡಿ ಕಂಡರೆ ಅಥವಾ ಅಮೋನಿಯದ ಘಾಟು ಬಂದರೆ ದ್ರವ ಸೋರಿದೆ ಎಂದರ್ಥ. ಆ ಹಳದಿ ಪುಡಿ ವಿಷಕಾರಿ, ಮುಟ್ಟಬೇಡಿ. ಬಾಯ್ಲರ್ ಬಿಸಿಯಾಗಿದ್ದೂ ಹನ್ನೆರಡು ಗಂಟೆಗಳ ಬಳಿಕವೂ ಒಳಗೆ ತಂಪಿಲ್ಲದಿದ್ದರೆ ತಂಪು ಮಾಡುವ ಜಾಲ ಸತ್ತಿದೆ. ಫ್ರಿಜ್ ಪೂರ್ತಿ ಬದಲಿಸದೆ ಆ ಜಾಲವನ್ನಷ್ಟೇ ಬದಲಿಸಲು ಸಾಧ್ಯವಿದೆ. ಇಂಡಿಯಾನಾ ರಾಜ್ಯದ, ಹಳೆಯ ಪದ್ಧತಿಯಲ್ಲಿ ಬದುಕುವ ಕ್ರೈಸ್ತ ಪಂಗಡವಾದ ಆಮಿಶ್ ಸಮುದಾಯದ ಕುಶಲಕರ್ಮಿಗಳು ಇಂಥ ಜಾಲಗಳನ್ನು ತಯಾರಿಸುವುದಕ್ಕೆ ಹೆಸರಾದವರು. ಉರಿ ಹಳದಿಯಾಗಿದ್ದರೆ ಮಾತ್ರ ಗಾಬರಿ ಬೇಡ: ಬರ್ನರ್ ಕೊಳವೆಯಲ್ಲಿ ಜೇಡರ ಬಲೆ, ತುಕ್ಕಿನ ಪುಡಿ ತುಂಬಿರುತ್ತದೆ, ಶುಚಿ ಮಾಡಿಸಿದರೆ ನೀಲಿ ಉರಿ ಮರಳುತ್ತದೆ.

ಕಂಪ್ರೆಸರ್‌ಗೆ ಬದಲಿಸುವುದಾದರೆ ಮೊದಲು ಗೂಡಿನ ಅಗಲ, ಎತ್ತರ, ಆಳ ಅಳೆಯಿರಿ, ಬಾಗಿಲಿನ ಮೂಲಕ ಹೊಸ ಫ್ರಿಜ್ ಒಳಗೆ ಬರುತ್ತದೆಯೇ ಎಂದೂ ನೋಡಿ. ಗ್ಯಾಸ್ ಪೈಪಿನ ಬಾಯಿಯನ್ನು ಪರಿಣತರಿಂದಲೇ ಮುಚ್ಚಿಸಿ, ಸೋಪಿನ ನೊರೆ ಹಚ್ಚಿ ಸೋರಿಕೆ ಪರೀಕ್ಷಿಸಬೇಕು. ಹಳೆಯ ಹೊರ ಕಿಂಡಿಗಳನ್ನು ಮಳೆ, ಚಳಿ ಬಾರದಂತೆ ಮುಚ್ಚಿ, ಕಂಪ್ರೆಸರಿನ ಬಿಸಿಗಾಳಿ ಹೋಗಲು ಕೈಪಿಡಿ ಹೇಳಿದಷ್ಟು ಜಾಗ ಬಿಡಬೇಕು.

ಅತಿ ಹೆಚ್ಚು ತಪ್ಪಾಗುವುದು ವೈರಿನಲ್ಲಿ. ಹಳೆಯ ಫ್ರಿಜ್‌ನ ಬೋರ್ಡಿಗೆ ಬರುತ್ತಿದ್ದ ತೆಳು ವೈರನ್ನೇ ಹೊಸದಕ್ಕೆ ಜೋಡಿಸಿಬಿಡುತ್ತಾರೆ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 14 ಗೇಜ್ ವೈರಿನಲ್ಲಿ 6 ಆಂಪಿಯರ್ ಹರಿದರೆ ಹೋಗುತ್ತಾ ಬರುತ್ತಾ ಅರ್ಧ ವೋಲ್ಟ್ ಕಳೆಯುತ್ತದೆ. ಅದಕ್ಕಿಂತ ದಪ್ಪನೆಯ 10 ಗೇಜ್ ವೈರಿನಲ್ಲಿ ಕಳೆಯುವುದು 0.2 ವೋಲ್ಟ್. ಆ ಅರ್ಧ ವೋಲ್ಟಿನ ಕೊರತೆಯಿಂದ, ಬ್ಯಾಟರಿಯಲ್ಲಿ ಇನ್ನೂ ಸಾಕಷ್ಟು ಶಕ್ತಿ ಇರುವಾಗಲೇ, ಫ್ರಿಜ್‌ನ ಕಾವಲು ಸರ್ಕ್ಯೂಟ್ ಬ್ಯಾಟರಿ ಮುಗಿಯಿತೆಂದು ತಿಳಿದು ನಡುರಾತ್ರಿ ಮೋಟಾರನ್ನು ನಿಲ್ಲಿಸುತ್ತದೆ. ಆದ್ದರಿಂದ ಬ್ಯಾಟರಿಯ ಬಳಿಯಿಂದ ಪ್ರತ್ಯೇಕ ಫ್ಯೂಸ್ ಇರುವ 10 ಗೇಜ್ ವೈರನ್ನೇ ಎಳೆಸಿ.

ಕೆಲಸ ಮುಗಿದ ಮೇಲೆ ಪ್ರವಾಸಕ್ಕೆ ಹೊರಡುವ ಮುನ್ನ ಮನೆಯ ಮುಂದೆಯೇ ಎರಡು ರಾತ್ರಿ ಪರೀಕ್ಷೆ ಮಾಡಿ. ಹೊರಗಿನ ವಿದ್ಯುತ್ ಸಂಪರ್ಕ ತೆಗೆದು, ಫ್ರಿಜ್‌ನ ನಡು ಅಟ್ಟಣೆಯಲ್ಲಿ ನೀರಿನ ಲೋಟದೊಳಗೆ ಥರ್ಮಾಮೀಟರ್ ಇಡಿ. ಬರಿಯ ಗಾಳಿಯ ಉಷ್ಣತೆ ಬಾಗಿಲು ತೆರೆದಾಗಲೆಲ್ಲ ಹಾರುತ್ತದೆ, ನೀರಿನದು ಆಹಾರದ ನಿಜವಾದ ಉಷ್ಣತೆಯನ್ನು ತೋರಿಸುತ್ತದೆ. ಸಂಜೆ, ಬೆಳಗಿನ ಜಾವ, ಮಧ್ಯಾಹ್ನ ಮೂರು ಗಂಟೆ, ಹೀಗೆ ದಿನಕ್ಕೆ ಮೂರು ಬಾರಿ ಲೋಟದ ಉಷ್ಣತೆಯನ್ನೂ ಬ್ಯಾಟರಿಯ ಮಟ್ಟವನ್ನೂ ಬರೆದುಕೊಂಡು, 2ನೆಯ ಹಂತದಲ್ಲಿ ಮಾಡಿದ ಲೆಕ್ಕದೊಂದಿಗೆ ಹೋಲಿಸಿ. ಉಷ್ಣತೆ 4 ಡಿಗ್ರಿಯೊಳಗೆ ನಿಂತು, ಎರಡನೆಯ ಬೆಳಿಗ್ಗೆಯೂ ಬ್ಯಾಟರಿಯಲ್ಲಿ ಕಾಲುಭಾಗ ಉಳಿದಿದ್ದರೆ ಹಿಟ್ಟು ರುಬ್ಬಬಹುದು.